ಹನ್ನೆರಡನೆಯ ಸಂಧಿಯ ಚಹಾ

ರಘುನಂದನ ಮೊದಲ ಗುಟುಕು ಕುಡಿದು ಕಣ್ಣು ಮುಚ್ಚಿದ. ನಾಗಪುರದ ಬಜಾಜ್ ನಗರದಲ್ಲಿ ಗಾಳಿ ನಿಂತಿತು, ತಲೆಯ ಮೇಲಿನ ಫ್ಯಾನು ತಿರುಗುವುದನ್ನೇ ಮರೆಯಿತು. ಚಾಪೆಯ ಮೇಲಿದ್ದ ಹನ್ನೊಂದು ಜನ (ಆ ಇಕ್ಕಟ್ಟಿಗೆ ಹನ್ನೊಂದು ಸಾವಿರ ಎಂದರೂ ನಡೆದೀತು) ಅವನ ಬಾಯಿಯನ್ನೇ ನೋಡಿದರು.

"ಉಪ್ಪು," ಅಂದ.

"ಚಹಾದಾಗ ಉಪ್ಪು?" ರೈಲ್ವೆ ಗಾರ್ಡ್ ಆಗಿ ನಿವೃತ್ತರಾದ ಫಕೀರಪ್ಪ ತಮ್ಮ ಕಪ್ಪಿನೊಳಗೆ ಇಣುಕಿದರು. ಅಡುಗೆಮನೆ ಕಟ್ಟೆಯ ಮೇಲಿದ್ದ ಬೋಗುಣಿಯನ್ನು ಎತ್ತಿ ತಂದು ಎಲ್ಲರಿಗೂ ಅರ್ಧರ್ಧ ಕಪ್ಪು ಸುರಿದವರು ಅವರೇ.

"ಉಪ್ಪಲ್ಲ ಕಾಕಾ, ಕಣ್ಣೀರು. ಅರಸ ಊರು ಬಿಟ್ಟು ಹೊಂಟಾನ, ರಾಣಿ ಕೋಟಿ ಮ್ಯಾಲೆ ನಿಂತು ನೋಡಾಕತ್ತಾಳ. ಅಕಿ ಕಣ್ಣೀರು ಇದರಾಗ ಐತಿ. ಈ ಹಳದಿ ಬಣ್ಣ ನೋಡ್ರಿ, ವೈರಾಗ್ಯದ್ದು."

"ಹೌದ್ ನೋಡು," ಎಂದು ಫಕೀರಪ್ಪ ಇನ್ನೊಂದು ಗುಟುಕು ವೈರಾಗ್ಯವನ್ನು ಕಷ್ಟಪಟ್ಟು ನುಂಗಿದರು.

ಉಮಾಕಾಂತರ ಮನೆಯಲ್ಲಿ ಭಾನುವಾರಕ್ಕೊಂದು ಸಂಧಿಯಂತೆ ಹಳೆಯ ಕಾವ್ಯವೊಂದರ ವಾಚನ ನಡೆದಿತ್ತು. ಪ್ರತಿ ಸಂಧಿಗೂ ಒಪ್ಪುವ ಹೊಸ ಚಹಾ ಸೊಸೆ ತೇಜಶ್ರೀಯ ಕೈಯಿಂದ ಬರುತ್ತಿತ್ತು. ಯುದ್ಧದ ಸಂಧಿಗೆ ಕರಿಮೆಣಸಿನ ಚಹಾ. ಆ ದಿನ ಫಕೀರಪ್ಪನವರ ಕಿವಿಯಿಂದ ಹಳೆಯ ಇಂಜಿನ್ನಿನಂತೆ ಹೊಗೆ ಬಂದದ್ದನ್ನು ಕಂಡವರಿದ್ದಾರೆ. ಉದ್ಯಾನದ ಸಂಧಿಗೆ ಸಂತ್ರಾ ಸಿಪ್ಪೆಯ ಚಹಾ. ಆ ಘಮಕ್ಕೆ ಕಳಮನಾ ಮಂಡಿಯ ಕಿತ್ತಳೆ ಹಣ್ಣುಗಳೆಲ್ಲ ನಾಚಿ ಇನ್ನಷ್ಟು ಕೆಂಪಾದವು. ವಿವಾಹದ ಸಂಧಿಗೆ ಜ್ಯೇಷ್ಠಮಧು. ಬ್ಯಾಂಕಿನ ನೌಕರಿಯಲ್ಲಿದ್ದೂ ಕಾವ್ಯದ ಹುಚ್ಚು ಬಿಡದ ರಘುನಂದನ ಎಲ್ಲವನ್ನೂ ಬರೆದಿಟ್ಟುಕೊಂಡು ಪುಸ್ತಕ ಮಾಡುವವನಿದ್ದ. ಮುನ್ನುಡಿಯೇ ನಲವತ್ತು ಪುಟ ದಾಟಿತ್ತು.

ಇವತ್ತು ಕೊನೆಯದಾದ ಹನ್ನೆರಡನೆಯ ಸಂಧಿ. ಎಂಟು ಪದ್ಯ ಬಾಕಿ ಇರುವಾಗ, ಹಾಡಿ ಓದುತ್ತಿದ್ದ ಉಮಾಕಾಂತರ ದನಿ ಒಡೆದಿತ್ತು. "ಚಹಾ ಆಗ್ಲಿ," ಎಂದು ಪುಸ್ತಕ ಮಡಚಿದ್ದರು. ತಿಂಗಳುಗಟ್ಟಲೆ ಗಂಟಲು ಕೈಕೊಡುತ್ತಿರುವುದನ್ನು ಅವರು ಯಾರಿಗೂ ಹೇಳಿರಲಿಲ್ಲ. ಈ ಎಂಟು ಪದ್ಯ ಹಾಡಲಾಗದಿದ್ದರೆ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕುವುದೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದರು. ಇಡೀ ನಾಗಪುರದಲ್ಲಿ ಅದನ್ನು ಹಾಡಬಲ್ಲ ಎರಡನೆಯ ಗಂಟಲು ಇರಲಿಲ್ಲ.

ಅಷ್ಟರಲ್ಲಿ ತೇಜಶ್ರೀ ಟ್ರೇ ಹಿಡಿದು ಹೊರಗೆ ಬಂದಳು. ಟ್ರೇಯಲ್ಲಿ ಹಬೆಯಾಡುವ ಚಹಾ.

"ಫಕೀರಪ್ಪ ಕಾಕಾ, ಕಟ್ಟಿ ಮ್ಯಾಲಿನ ಬೋಗುಣಿ ಎಲ್ಲಿ ಹೋತ್ರಿ?"

"ನಾನ ತಂದೆ. ಚಹಾ ಆರಾಕತ್ತಿತ್ತು, ಜಲ್ದಿ ಹಂಚಿಬಿಟ್ಟೆ."

"ಅಯ್ಯ, ಅದು ಚಹಾ ಅಲ್ರಿ. ಉಪ್ಪು ಅರಿಶಿಣದ ನೀರು. ಮಾವಾರಿಗೆ ಬಾಯಿ ಮುಕ್ಕಳಿಸಾಕ ಕಾಸಿದ್ದೆ."

ರಘುನಂದನನ ಕಪ್ಪು ಖಾಲಿಯಾಗಿತ್ತು. ಅದು ಅವನ ಎರಡನೆಯ ಕಪ್ಪು.

"ಮತ್ತ ಯುದ್ಧದ ಸಂಧಿ ಮೆಣಸು?" ಎಂದು ಮೆಲ್ಲಗೆ ಕೇಳಿದ.

"ಆವತ್ತು ಮಾವಾರಿಗೆ ನೆಗಡಿ ಬಂದಿತ್ತಲ್ರಿ ಅಣ್ಣಾರ."

"ಸಂತ್ರಾ ಸಿಪ್ಪಿ?"

"ಕಫ."

"ಮದುವಿ ಸಂಧಿ ಜ್ಯೇಷ್ಠಮಧು... ಅದರ ಮ್ಯಾಲೆ ನಾ ಆರು ಪುಟ ಬರದೇನಿ."

"ದನಿ ಒಡದಿತ್ರಿ. ಒಲಿ ಮುಂದ ನಿಂತು ನನಗ ಕೇಳೋದು ಅದೊಂದ. ಕಾವ್ಯ ನನಗೆಲ್ಲಿ ತಿಳೀತೈತಿ, ನಾ ಕಲಿತದ್ದು ಮರಾಠಿ ಸಾಲಿಯಾಗ, ಕನ್ನಡದ್ದು ಬರೇ ಅಕ್ಷರ ಗೊತ್ತು. ಮಾವಾರಿಗಷ್ಟ ಬ್ಯಾರೆ ಮಾಡಿ ಕೊಟ್ರ ನೀವು ಯಾಕಂತ ಕೇಳ್ತಿದ್ರಿ. ಅದಕ್ಕ ಎಲ್ಲಾರಿಗೂ ಅದನ್ನ ಕುದಿಸಿದೆ. ನೀವೆಲ್ಲಾ ಬರೋಬರ್ ಅಂದ್ರಿ, ನಾ ಸುಮ್ನಿದ್ದೆ."

ಉಮಾಕಾಂತರು ಸೊಸೆಯನ್ನು ಹೊಸಬಳೆಂಬಂತೆ ನೋಡಿದರು. ಮುಟ್ಟದೆ ಇಟ್ಟಿದ್ದ ತಮ್ಮ ಕಪ್ಪನ್ನು ಎತ್ತಿಕೊಂಡು, ಬಚ್ಚಲಿಗೆ ಹೋಗಿ ಮುಕ್ಕಳಿಸಿದರು. ಆ ಸದ್ದಿಗೆ ಮೇಲಿನ ಮನೆಯವರು ನೀರಿನ ಟ್ಯಾಂಕರ್ ಬಂತೆಂದು ಬಕೆಟ್ ಹಿಡಿದು ಇಳಿದು ಬಂದರೆಂದು ಹೇಳುತ್ತಾರೆ.

ಬಂದು ಕೂತು ಪುಸ್ತಕ ಬಿಚ್ಚಿದರು. ಐದು ಪದ್ಯ ಹಾಡಿದಾಗ ಗೋಡೆಯ ಸುಣ್ಣ ಉದುರಿತು. ಆರನೆಯದರಲ್ಲಿ ದನಿ ಕುಂಟಿತು, ಏಳನೆಯದರಲ್ಲಿ ನಿಂತೇಬಿಟ್ಟಿತು ಅನ್ನುವಷ್ಟರಲ್ಲಿ ಮತ್ತೆ ಎದ್ದಿತು. ಎಂಟನೆಯದು ನೂಲಿನಷ್ಟು ತೆಳ್ಳಗೆ ಬಂತು, ಆದರೆ ಬಂತು.

ಯಾರೂ ಅರ್ಥ ಬಿಡಿಸಲು ಹೋಗಲಿಲ್ಲ. ತೇಜಶ್ರೀ ಒಳಗೆ ಹೋಗದೆ ಟ್ರೇ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು. ಇಷ್ಟು ತಿಂಗಳಲ್ಲಿ ಕಾವ್ಯದ ಬಗ್ಗೆ ಆಕೆ ಒಂದು ಮಾತೂ ಕೇಳಿದವಳಲ್ಲ.

"ಮಾವಾರ, ಅರಸ ಒಮ್ಮೆರೆ ಹೊಳ್ಳಿ ನೋಡಿದ್ನೇನ್ರಿ?"

ಉಮಾಕಾಂತರು ಬಾಯಿ ತೆರೆದರು. ಸಾಸಿವೆಯಷ್ಟೂ ದನಿ ಉಳಿದಿರಲಿಲ್ಲ. "ಅದು ಹೆಂಗಂದ್ರ..." ಎಂದು ಶುರುಮಾಡಿದ ರಘುನಂದನನನ್ನು ಕೈ ಎತ್ತಿ ತಡೆದರು. ಸೊಸೆಯ ಕೈಯಿಂದ ಟ್ರೇ ಇಸಿದುಕೊಂಡು ಪಕ್ಕಕ್ಕಿಟ್ಟು, ಪುಸ್ತಕವನ್ನು ಆಕೆಯ ಕಡೆ ತಿರುಗಿಸಿ, ಕೊನೆಯ ಪದ್ಯದ ಮೊದಲ ಅಕ್ಷರದ ಕೆಳಗೆ ಬೆರಳಿಟ್ಟರು.

ತೇಜಶ್ರೀ ಚಾಪೆಯ ಮೇಲೆ ಕೂತು, ತುಟಿ ಅಲ್ಲಾಡಿಸುತ್ತ, ಒಂದೊಂದೇ ಅಕ್ಷರ ಕೂಡಿಸತೊಡಗಿದಳು. ಉತ್ತರ ಗೊತ್ತಿದ್ದವರೆಲ್ಲ, ಗೊತ್ತಿಲ್ಲದವರ ಹಾಗೆ, ಉಸಿರು ಬಿಗಿಹಿಡಿದು ಕಾದರು.