ನಾಗಿಯ ಕಪ್ಪಿನ ಅಳತೆ

ಒಂದು ಕಪ್ ಮೈದಾ ಅಂದರೆ ಎಷ್ಟು ಗ್ರಾಮು ಎಂದು ಸೊಸೆ ಮೊಬೈಲಿನಲ್ಲಿ ನೋಡಿ ತೂಗುವಾಗ, ಆ ಹಸಿ ಹಿಟ್ಟಿನ ವಾಸನೆಗೆ ನನಗೆ ಇವತ್ತಿಗೂ ಬಾಲ್ಯದ ಒಂದು ದಿನ ನೆನಪಾಗುತ್ತದೆ.

ಹೊನ್ನಾವರದ ನಮ್ಮ ಮನೆಗೆ ಮುಂಬಯಿಯಿಂದ ಬಂದಿದ್ದ ಚಿಕ್ಕಮ್ಮ, ವಿಲಾಯತಿ ಪತ್ರಿಕೆ ನೋಡಿ ಕೇಕು ಮಾಡಲು ಹೊರಟಿದ್ದಳು. ಮೊಟ್ಟೆಯ ಬದಲು ಮೊಸರು ಹಾಕುತ್ತೇನೆಂದು ಅಜ್ಜಿಯನ್ನು ಒಪ್ಪಿಸಿಯೂ ಆಗಿತ್ತು. ಆದರೆ ಅಳತೆಯೆಲ್ಲ ಕಪ್ಪಿನಲ್ಲಿತ್ತು; ಅದು ಎಷ್ಟು ತೂಕವೆಂದು ಅವಳಿಗೆ ಗೊತ್ತಿರಲಿಲ್ಲ. ಅಪ್ಪನ ಅಂಗಡಿಗೆ ಆಗಷ್ಟೇ ಗ್ರಾಮಿನ ಹೊಸ ತೂಕದ ಬಟ್ಟುಗಳು ಬಂದಿದ್ದವು.

“ಕಪ್ ಅಂದ್ರೆ ಯಾವ ಕಪ್ಪು? ಒಂದು ತಕಂಡು ಬಾ, ತೂಗಿ ಹೇಳ್ತೆ,” ಎಂದ ಅಪ್ಪ.

ನಾವೆಲ್ಲ ಚಹಾ ಕುಡಿಯುತ್ತಿದ್ದದ್ದು ಹಿತ್ತಾಳೆ ಲೋಟದಲ್ಲಿ. ಮನೆಯಲ್ಲಿದ್ದ ಒಂದೇ ಕಪ್ಪು ಹಿಡಿ ಮುರಿದ ಪಿಂಗಾಣಿಯದು. ಹಿತ್ತಿಲ ಸೂರಿನ ಸಂದಿಯಲ್ಲಿರುತ್ತಿತ್ತು. ಭತ್ತ ಕುಟ್ಟಲು ಬರುವ ನಾಗಿಗೆ ಅದರಲ್ಲಿ ಮೇಲಿನಿಂದ ಚಹಾ ಹೊಯ್ಯುತ್ತಿದ್ದರು. ಚಿಕ್ಕಮ್ಮ ಅದನ್ನೇ ತೊಳೆದು ಒರೆಸಿ, ಮೈದಾ ತುಂಬಿ ತೂಗಿಸಿಕೊಂಡು ಬಂದು, ಹಿಟ್ಟನ್ನು ಮತ್ತೆ ಡಬ್ಬಕ್ಕೆ ಸುರಿದಳು.

ಅಜ್ಜಿ ನೋಡಿಬಿಟ್ಟಳು. “ಎಂತ ಮಾಡ್ದ್ಯೇ! ನಾಗಿ ಬಾಯಿ ಹಚ್ಚಿದ ಕಪ್ಪು ಅದು!”

ಹಿತ್ತಿಲಲ್ಲಿ ಒನಕೆಯ ಸದ್ದು ನಿಂತಿತು. “ದಿನಾ ತೊಳ್ದೇ ಇಡ್ತೆ ಅಮ್ಮಾ,” ಎಂದಳು ನಾಗಿ, ಮೆಲ್ಲಗೆ.

ಅಜ್ಜಿ ಡಬ್ಬ ತಂದು, ಇದ್ದ ಹಿಟ್ಟನ್ನೆಲ್ಲ ಮೇಲಿನಿಂದಲೇ ಅವಳ ಸೆರಗಿಗೆ ಸುರಿದಳು. “ತಕಂಡು ಹೋಗು. ಆತಲ್ಲ?”

ನಾಗಿ ಸೆರಗನ್ನು ಗಂಟು ಕಟ್ಟಿ ಮತ್ತೆ ಒನಕೆ ಎತ್ತಿದಳು. ಕುಟ್ಟಿ ಮುಗಿದ ಮೇಲೆ ಅಕ್ಕಿಯನ್ನು ಕೇರಿ, ಕೈಯಾಡಿಸಿ ಕಲ್ಲು ಹೆಕ್ಕಿ, ಮೊರದಲ್ಲಿಟ್ಟು ಹೋದಳು.

ಮಧ್ಯಾಹ್ನ ಆ ಅಕ್ಕಿಯದೇ ಅನ್ನ. ಅಜ್ಜಿ ಎರಡು ಸಲ ಬಡಿಸಿಕೊಂಡಳು.