ಬೆಲ್ಟಿನ ಗಂಟು

ಕ್ಯಾಜಿಟನ್‌ನ ಕೈ ಪುಟ್ಟ ಗಗನಾಳ ಸೊಂಟದ ಕರಾಟೆ ಬೆಲ್ಟಿಗೆ ಹೋಗಿದ್ದೇ ತಡ, ಅವಳ ಅಜ್ಜಿ ಗಂಗಾಮಣಿ ಬೆಂಚಿನಿಂದ ದಡಬಡ ಎದ್ದು ಬಂದಳು. ಅಷ್ಟರಲ್ಲಿ ಬಿಚ್ಚಿಹೋಗಿದ್ದ ಗಂಟು ಮತ್ತೆ ಬಿಗಿಯಾಗಿ ಕೂತಿತ್ತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕಟ್ಟಿ ಅವನು ಹಿಂದೆ ಸರಿದಿದ್ದ.

"ಬೆಲ್ಟ್ ಕಟ್ಟೋದು ಚೆಂದಾಗಿ ಬತ್ತೈತೆ ನಿಮ್ಗೆ," ಎಂದಳು ಅಜ್ಜಿ ಕೊಂಕಾಗಿ.

"ಅದೊಂದೇ ನೋಡಿ ನಂಗೆ ಬರೋದು," ಎಂದ ಕ್ಯಾಜಿಟನ್, ನೆಲ ನೋಡುತ್ತ.

ಸುಳ್ಳೇನಲ್ಲ. ಆಲೂರಿನ ಈ ಕರಾಟೆ ಕ್ಲಾಸಿಗೆ ಸೇರಿ ಎಂಟು ತಿಂಗಳಾಗಿತ್ತು. ಐವತ್ತೆರಡರ ಆಸಾಮಿ, ಮೂರನೇ ಕ್ಲಾಸಿನ ಮಕ್ಕಳ ಸಾಲಿನಲ್ಲಿ ಕೊನೆಗೆ ನಿಲ್ಲುತ್ತಿದ್ದ. ಒದೆಯಲು ಕಾಲೆತ್ತಿದರೆ ಮಂಡಿ ದಾಟುತ್ತಿರಲಿಲ್ಲ. ಮಕ್ಕಳು ಮುಸಿಮುಸಿ ನಗುವಾಗ ನಾಚಿಕೆಯಿಂದ ಕಿವಿ ಕಾದುಹೋಗುತ್ತಿತ್ತು. ಆದರೂ ಮಹಾರಾಯ ಒಂದು ಕ್ಲಾಸೂ ತಪ್ಪಿಸಿದವನಲ್ಲ.

ಅಜ್ಜಿಗೆ ಅದೇ ಗುಮಾನಿ. ದೋಣಿಗಲ್‌ನಿಂದ ಎರಡು ಬಸ್ಸು ಹತ್ತಿ ಬರುತ್ತಾನೆ. ಸಕಲೇಶಪುರದಲ್ಲಿ ಕ್ಲಾಸಿಲ್ಲವೇ? ಕೇಳಿದರೆ, "ಈ ಮೇಡಂ ಹತ್ರಾನೇ ಕಲೀಬೇಕು" ಅನ್ನುತ್ತಾನೆ. ಮೇಡಂ ಧನುಶ್ರೀಗೋ ಇಪ್ಪತ್ತಾರು, ಇನ್ನೂ ಮದುವೆಯಾಗದ ಹುಡುಗಿ. ಮಕ್ಕಳೊಂದಿಗೆಲ್ಲ ನಗುವವಳು ಇವನ ಮುಖ ನೋಡಿ ಒಮ್ಮೆಯೂ ನಕ್ಕಿಲ್ಲ. "ಇನ್ನೊಂದು ಸಲ" ಅನ್ನುವುದು ಬಿಟ್ಟರೆ ಬೇರೆ ಮಾತೇ ಇಲ್ಲ.

ಈ ಮನುಷ್ಯ ಇದ್ದರೆ ಗಗನಾಳನ್ನು ಕಳಿಸುವುದಿಲ್ಲ ಎಂದು ಅಜ್ಜಿ ಹೇಳಿಯೇಬಿಟ್ಟಿದ್ದಳು.

"ಪರೀಕ್ಷೆ ಆಗ್ಲಿ ಅಜ್ಜಿ. ಮೊದಲ್ನೇ ಮೆಟ್ಲು, ಹಳದಿ ಬೆಲ್ಟ್ ಬಂದ್ರೆ ಇರ್ತಾರೆ, ಇಲ್ದಿದ್ರೆ ಕಳಿಸ್ತೀನಿ," ಎಂದಿದ್ದಳು ಧನುಶ್ರೀ. ಅದು ಕ್ಯಾಜಿಟನ್‌ನ ಕಿವಿಗೂ ಬಿದ್ದಿತ್ತು.

ಇವತ್ತೇ ಆ ಪರೀಕ್ಷೆ. ಕೊನೆಯದಾಗಿ, ಕುದುರೆ ಮೇಲೆ ಕೂತವರ ಹಾಗೆ ಮಂಡಿ ಬಗ್ಗಿಸಿ ಐದು ನಿಮಿಷ ನಿಲ್ಲಬೇಕು. ಮೂರು ನಿಮಿಷಕ್ಕೆ ಕ್ಯಾಜಿಟನ್‌ನ ತೊಡೆ ನಡುಗಿತು. ನಾಲ್ಕಕ್ಕೆ ದೊಪ್ಪನೆ ಬಿದ್ದ. ಈ ಸಲ ಮಕ್ಕಳೂ ನಗಲಿಲ್ಲ. ಅವನಿಗೆ ನೆಲದಿಂದ ಮುಖ ಎತ್ತಲಾಗಲಿಲ್ಲ.

"ಕೊಟ್ಬುಡಿ ಮೇಡಂ, ಪಾಪ," ಅಜ್ಜಿಯ ದನಿಯೇ ಮೆತ್ತಗಾಗಿತ್ತು. "ನಾನಂದಿದ್ದು ಮರ್ತ್ಬುಡಿ. ಒಂದು ತುಂಡು ಬಟ್ಟೆ ತಾನೆ."

ಧನುಶ್ರೀ ಹಳದಿ ಬೆಲ್ಟ್ ಎತ್ತಿಕೊಂಡು ಕೈ ಚಾಚಿದಳು. ಎಡಗೈ ಎಂದಿನಂತೆ ಪೂರ್ತಿ ನೆಟ್ಟಗಾಗಲಿಲ್ಲ, ಮೊಣಕೈ ಹತ್ತಿರ ಸೊಟ್ಟಗೇ ನಿಂತಿತು. ಕ್ಯಾಜಿಟನ್ ಅದನ್ನೇ ನೋಡಿದ. ಬೆಲ್ಟ್ ತೆಗೆದುಕೊಂಡರೆ ನಾಳೆಯೂ ಬರಬಹುದು. ಬೇಡವೆಂದರೆ ಇಲ್ಲಿಗೆ ಮುಗಿಯಿತು.

"ಕೊಡ್ಬೇಡಿ ಮೇಡಂ," ಎಂದ. "ಬರ್ದೇ ಇರೋರಿಗೆ ಬೆಲ್ಟ್ ಕಟ್ಬಾರ್ದು."

ಚೀಲ ಹೆಗಲಿಗೇರಿಸಿ ಬಾಗಿಲವರೆಗೂ ಹೋದ.

"ಸೋಮವಾರ ಬನ್ನಿ," ಎಂದಳು ಧನುಶ್ರೀ ಹಿಂದಿನಿಂದ. "ಮೊದಲಿಂದ ಶುರು ಮಾಡೋಣ, ಮಾಸ್ಟ್ರೇ."

ಹನ್ನೊಂದು ವರ್ಷದ ಹಿಂದೆ ಮಾರನಹಳ್ಳಿಯಲ್ಲಿ, ತನಗೇ ಬಾರದ ವಿದ್ಯೆಗೆ ಕ್ಲಾಸು ನಡೆಸಿ, ನೆಟ್ಟಗೆ ನಿಲ್ಲಲೂ ಕಲಿಸದೆ ಅವಳ ಸೊಂಟಕ್ಕೆ ಬ್ಲ್ಯಾಕ್ ಬೆಲ್ಟ್ ಬಿಗಿದು ಟೂರ್ನಮೆಂಟಿಗೆ ಕಳಿಸಿ, ಆ ಮೊಣಕೈ ಮುರಿಯುವಂತೆ ಮಾಡಿದ ಮಾಸ್ಟರು ಇವನೇ.