ಕೊರಳಿನ ಬಟನ್

ಮನೆಗೆ ಯಾವ ಇಂಟರ್ನೆಟ್ ಒಳ್ಳೇದು ಅನ್ನೋ ವಾದದಲ್ಲಿ ಮಧ್ಯಾಹ್ನ ಕರೆಂಟು ಹೋದಾಗಿನಿಂದ ಅಕ್ಕನದೇ ಮೇಲುಗೈ. "ನೋಡಪ್ಪ, ನಿನ್ನ ಫೈಬರ್ ಮಲಗಿಬಿಡ್ತು. ಹಳೇ ಫೋನ್ ಲೈನಿಗೆ ಮನೆ ಕರೆಂಟಿನ ಹಂಗೇ ಇರ್ಲಿಲ್ಲ."

ತಮ್ಮ ಬಿಟ್ಟುಕೊಡುವ ಆಸಾಮಿಯಲ್ಲ. "ನಾಲ್ಕು ಹನಿ ಬಿದ್ರೆ ಆ ತಂತಿ ಗೊರಗೊರ ಅಂತಿತ್ತಲ್ಲ, ಮರೆತೋಯ್ತಾ? ಡಾಂಗಲ್ ಸಿಗ್ನಲ್ ಅಡುಗೆಮನೆಗೇ ಬರಲ್ಲ. ಡಿಶ್ ಇಟ್ರೆ ಮೋಡದ ಕಾಟ. ಅದಕ್ಕೇ ಬೆಳಿಗ್ಗೆ ನಾನೇ ನಿಂತು ಹಳೇ ಲೈನ್ ಕೀಳಿಸಿ, ಅಪ್ಪನ ಬಟನ್ನೂ ಫೈಬರಿನ ಹೊಸ ಡಬ್ಬಕ್ಕೇ ಸೇರಿಸಿದ್ದು."

ಅಕ್ಕನ ನಗು ಅಲ್ಲೇ ನಿಂತಿತು. ಲಕ್ವ ಹೊಡೆದು ಮಾತು ಕಳೆದುಕೊಂಡ ಅಪ್ಪ ಮಹಡಿಯ ಕೋಣೆಯಲ್ಲಿ ಒಬ್ಬರೇ ಇದ್ದರು. ಬಿದ್ದರೂ ಕೂಗಲಾರರು. ಕೊರಳಲ್ಲಿ ತೂಗುವ ಬಟನ್ ಒತ್ತಿದರೆ ಇವಳ ಮೊಬೈಲ್ ಹೊಡೆದುಕೊಳ್ಳಬೇಕು. ಮೊಬೈಲ್ ಮೇಜಿನ ಮೇಲೆ ತೆಪ್ಪಗೆ ಬಿದ್ದಿತ್ತು. ಮೂಲೆಯ ಹೊಸ ಡಬ್ಬದಲ್ಲಿ ಒಂದು ದೀಪವೂ ಇರಲಿಲ್ಲ.

"ಕರೆಂಟ್ ಹೋಗಿ ಎಷ್ಟು ಹೊತ್ತಾಯ್ತೋ?" ಎಂದಳು. ತಮ್ಮನ ಮುಖ ಬಿಳಿಚಿಕೊಂಡಿತು.

ಅವಳು ಎದ್ದುಬಿದ್ದು ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದಳು. ಅಪ್ಪ ಮಂಚಕ್ಕೂ ಗೋಡೆಗೂ ನಡುವೆ ಬಿದ್ದಿದ್ದರು, ಕಣ್ಣು ಬಾಗಿಲಲ್ಲೇ ನೆಟ್ಟಿತ್ತು. ಮಗಳು ಬಂದು ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡರೂ ಅವರ ಹೆಬ್ಬೆರಳು ಆ ಬಟನ್ನನ್ನು ಒತ್ತುತ್ತಲೇ ಇತ್ತು.